ಹಾಡಿನ ಕೊನೆಗೊಂದು ಹೆಸರು

ಎರಡು ಇಂಟರ್‌ವ್ಯೂಗಳಲ್ಲೂ ಹೆಸರು ಹೇಳುವಾಗಲೇ ನನ್ನ ದನಿ ಉಡುಗಿತ್ತು. ಮೂರನೆಯದರ ಹಿಂದಿನ ರಾತ್ರಿ, ಮೈಸೂರಿನ ಹಾಸ್ಟೆಲ್‌ನಲ್ಲಿ ನಿದ್ದೆ ಬಾರದೆ ಮೊಬೈಲ್‌ನಲ್ಲಿ ಗೌಹರ್ ಜಾನ್ ಹಾಡು ಕೇಳಿದೆ.

1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗಾಯಕಿ ಅವರು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷದ ಆಸುಪಾಸಿಗೆ ಇಳಿಸಬೇಕಿತ್ತು. ಕೊನೆಗೆ ಇಂಗ್ಲಿಷ್‌ನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ರೆಕಾರ್ಡ್ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದ್ದು ಯಾರೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ!

ಕೊನೆಗಾಲದಲ್ಲಿ ಮೈಸೂರು ಆಸ್ಥಾನ ಸೇರಿದ ಅವರು 1930ರಲ್ಲಿ ಇದೇ ಊರಲ್ಲಿ ತೀರಿಕೊಂಡರು. ಹೆಸರು ಮಾತ್ರ ಇನ್ನೂ ಕೇಳಿಸುತ್ತಿದೆ.

ಬೆಳಿಗ್ಗೆ ಎದುರಿದ್ದವರು ಫೈಲ್‌ನಿಂದ ತಲೆ ಎತ್ತುವ ಮೊದಲೇ ನನ್ನ ಹೆಸರು ಹೇಳಿದೆ. ಫಲಿತಾಂಶ ಇನ್ನೂ ಬಂದಿಲ್ಲ, ದನಿಯಂತೂ ನಡುಗಲಿಲ್ಲ.