ಪಾಕದ ಹದ

(ಬಾನುಲಿ ಭಾಷಣ)

ನಮ್ಮ ಆಲಂಕಾರಿಕರು ಕಾವ್ಯದ ಗುಣವನ್ನು ಹೇಳಲು ಬಳಸಿದ ಮಾತುಗಳಲ್ಲಿ 'ಪಾಕ' ಎಂಬುದೂ ಒಂದು. ಬಾಯಿಗಿಟ್ಟ ಕೂಡಲೇ ರಸ ಬಿಡುವುದು ದ್ರಾಕ್ಷಾಪಾಕ, ಸಿಪ್ಪೆ ಸುಲಿಯುವಷ್ಟು ಶ್ರಮ ಬೇಡುವುದು ಕದಳೀಪಾಕ, ಚಿಪ್ಪು ಒಡೆದ ಮೇಲಷ್ಟೇ ತಿರುಳು ಕೊಡುವುದು ನಾರಿಕೇಳಪಾಕ. ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಬೇವು, ಬೋರೆ, ಹುಣಿಸೆ, ಮಾವು, ಅಡಕೆ ಮುಂತಾದವುಗಳ ಹೆಸರಿನಲ್ಲಿ ಒಂಬತ್ತು ಪಾಕಗಳನ್ನೇ ಎಣಿಸಿದ್ದಾನೆ. ಒಂದು ಪದವನ್ನು ತೆಗೆದು ಆ ಜಾಗದಲ್ಲಿ ಇನ್ನೊಂದನ್ನು ಇಡಲು ಆಗದಂಥ ಸ್ಥಿತಿಯೇ ಶಬ್ದಪಾಕ ಎಂಬುದು ವಾಮನನ ಅಭಿಪ್ರಾಯ. ಸಂಸ್ಕೃತದಲ್ಲಿ ಬೇಯುವುದಕ್ಕೂ ಹಣ್ಣಾಗುವುದಕ್ಕೂ ಇದೊಂದೇ ಮಾತು. ಕನ್ನಡದ ಗೃಹಿಣಿಯರು ಮಾತ್ರ ಈ ಮಾತನ್ನು ಒಲೆಯ ಮೇಲಿನ ಒಂದೇ ಒಂದು ವಸ್ತುವಿಗೆ ಮೀಸಲಿಟ್ಟುಕೊಂಡಿದ್ದಾರೆ. ಪಾಕವೆಂದರೆ ನಮ್ಮ ಮನೆಗಳಲ್ಲಿ ನೀರಿನಲ್ಲಿ ಕರಗಿ ಕುದಿಯುತ್ತಿರುವ ಸಕ್ಕರೆ ಅಥವಾ ಬೆಲ್ಲ. ಅದರ ಪಕ್ವಸ್ಥಿತಿಗೆ ಅವರು ಕೊಟ್ಟ ಹೆಸರು 'ಹದ'. ಆ ಹದದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಪಾಕಪ್ರವೀಣನಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಪಾಠ ಹೇಳಿ ನಿವೃತ್ತನಾದವನು. ಕೇಳುತ್ತಿರುವ ಸೋದರಿಯರಲ್ಲಿ ಅನೇಕರಿಗೆ ನಾನು ಹೇಳುವ ಸಂಗತಿಗಳೆಲ್ಲ ಬೆರಳ ತುದಿಯಲ್ಲಿರುತ್ತವೆ. ಅವು ಏಕೆ ಹಾಗೆ ಎಂಬುದನ್ನು ವಿವರಿಸುವುದಷ್ಟೇ ನನ್ನ ಕೆಲಸ. ಜೊತೆಗೆ, ಆ ವಿವರಣೆ ತಿಳಿದಿದ್ದೂ ನಾನು ಒಮ್ಮೆ ಸೋತ ಕಥೆಯನ್ನೂ ಹೇಳಬೇಕಾಗಿದೆ.

ಸಕ್ಕರೆ ಎಂಬ ಮಾತು ಸಂಸ್ಕೃತದ 'ಶರ್ಕರಾ' ಎಂಬುದರಿಂದ ಬಂದದ್ದು. ಶರ್ಕರಾ ಎಂದರೆ ಮೊದಲು ಹರಳುಮರಳು, ಸಣ್ಣ ಕಲ್ಲಿನ ಚೂರು. ಅರಬರು, ಪಾರಸಿಕರು, ಯೂರೋಪಿನವರು ಎಲ್ಲರೂ ಈ ಮಾತನ್ನೇ ತಮ್ಮ ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಇಂಗ್ಲಿಷಿನ 'ಶುಗರ್' ಅದರ ದೂರದ ಮೊಮ್ಮಗ. 'ಖಂಡ' ಎಂಬ ನಮ್ಮ ಇನ್ನೊಂದು ಮಾತು ಹಾಗೆಯೇ ಪ್ರಯಾಣ ಮಾಡಿ 'ಕ್ಯಾಂಡಿ' ಆಯಿತು. ಹೆಸರಿಟ್ಟವರು ವಸ್ತುವಿನ ಸ್ವಭಾವವನ್ನು ಚೆನ್ನಾಗಿ ಬಲ್ಲವರು. ಏಕೆಂದರೆ ಸಕ್ಕರೆಯ ಹಠವೆಲ್ಲ ಹರಳಾಗುವುದರಲ್ಲಿದೆ. ನೀರು ಅದನ್ನು ಕರಗಿಸಿ ಬಿಡಿಸಿಟ್ಟರೂ ಅವಕಾಶ ಸಿಕ್ಕೊಡನೆ ಅದು ಮತ್ತೆ ಒಟ್ಟುಗೂಡಿ ಕಲ್ಲಾಗಲು ಹವಣಿಸುತ್ತದೆ. ಸಿಹಿತಿಂಡಿ ಮಾಡುವವರ ಜಾಣತನವೆಂದರೆ ಈ ಹಠವನ್ನು ಕೆಲವೆಡೆ ತಡೆಯುವುದು, ಕೆಲವೆಡೆ ಬೇಕಾದ ಹೊತ್ತಿಗೆ ಬಿಟ್ಟುಕೊಡುವುದು.

ಬರಿಯ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಸಕ್ಕರೆ ಕರಗಿದ ನೀರಿನ ನಡತೆ ಬೇರೆ. ನೀರು ಆವಿಯಾಗಿ ಹೋದಷ್ಟೂ ಉಳಿದ ದ್ರವದಲ್ಲಿ ಸಕ್ಕರೆಯ ಪಾಲು ಹೆಚ್ಚುತ್ತದೆ, ಅದರೊಡನೆ ಕುದಿಯುವ ಬಿಂದುವೂ ಮೇಲೇರುತ್ತದೆ. ನೂರರಲ್ಲಿ 70 ಪಾಲು ಸಕ್ಕರೆಯಾದಾಗ ಪಾಕ ಸುಮಾರು 106 ಡಿಗ್ರಿಯಲ್ಲಿ ಕುದಿಯುತ್ತಿರುತ್ತದೆ. 80 ಪಾಲಾದಾಗ ಸುಮಾರು 112, 90 ಪಾಲಾದಾಗ ಸುಮಾರು 123. ಆದ್ದರಿಂದ ಪಾಕದ ಬಿಸಿಯನ್ನು ಅಳೆಯುವುದೆಂದರೆ ಅದರಲ್ಲಿ ಇನ್ನೆಷ್ಟು ನೀರು ಉಳಿದಿದೆಯೆಂದು ಅಳೆದಂತೆಯೇ.

ನಮ್ಮ ಹೆಂಗಸರು ಇದನ್ನೇ ಬೆರಳಿನಿಂದ ಅಳೆದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ತೊಟ್ಟು ಹಿಡಿದು ಬಿಡಿಸಿದಾಗ ಒಂದು ನೂಲು ಎದ್ದು ನಿಂತರೆ ಒಂದೆಳೆ ಪಾಕ. ಎರಡು ನೂಲು ಎದ್ದು ನಿಂತರೆ ಎರಡೆಳೆ. ತಣ್ಣೀರಿನ ಬಟ್ಟಲಿಗೆ ಬಿಟ್ಟ ಹನಿಯನ್ನು ಬೆರಳಲ್ಲಿ ಕೂಡಿಸಿದಾಗ ಮೆತ್ತನೆಯ ಗೋಲಿಯಾದರೆ ಉಂಡೆಪಾಕ. ಆ ಗೋಲಿಯನ್ನು ತಟ್ಟೆಗೆ ಎಸೆದಾಗ ಟಣ್ಣೆಂದು ಸದ್ದಾದರೆ ಕಡಲೆಬೀಜದ ಚಿಕ್ಕಿಗೆ ಬೇಕಾದ ಗಟ್ಟಿಪಾಕ. ಒಂದು ಹದದಿಂದ ಇನ್ನೊಂದಕ್ಕೆ ಇರುವ ಅಂತರ ಕೆಲವೇ ಡಿಗ್ರಿ. ಉರಿ ಜೋರಾಗಿದ್ದರೆ ಕೆಲವೇ ಕ್ಷಣ. 'ಪಾಕ ಇಟ್ಟಾಗ ಬಾಗಿಲು ತಟ್ಟಿದರೂ ಏಳಬೇಡ' ಎಂದು ನನ್ನ ತಾಯಿ ಹೇಳುತ್ತಿದ್ದುದರಲ್ಲಿ ಅತಿಶಯೋಕ್ತಿಯೇನೂ ಇರಲಿಲ್ಲ.

ಉಳಿದ ಸಣ್ಣಪುಟ್ಟ ಪದ್ಧತಿಗಳಿಗೂ ಕಾರಣಗಳಿವೆ. ಕುದಿಯುವ ಪಾಕಕ್ಕೆ ಒಂದು ಚಮಚ ಹಾಲು ಹಾಕುತ್ತಾರೆ. ಹಾಲಿನ ಸಸಾರಜನಕ ಹೆಪ್ಪುಗಟ್ಟುತ್ತ ಕಸವನ್ನು ಬಲೆಯಂತೆ ಹಿಡಿದು ನೊರೆಯಾಗಿ ಮೇಲಕ್ಕೆ ತರುತ್ತದೆ. ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುತ್ತಾರೆ. ಹುಳಿಯು ಸಕ್ಕರೆಯ ಒಂದಷ್ಟು ಭಾಗವನ್ನು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಹೀಗೆ ಒಡೆದವು ಉಳಿದ ಸಕ್ಕರೆಯ ಸಾಲಿನಲ್ಲಿ ಅಡ್ಡ ನಿಂತು ಹರಳುಗಟ್ಟುವುದನ್ನು ತಡೆಯುತ್ತವೆ. ಬೆಲ್ಲದಲ್ಲಿ ಇಂಥ ಒಡೆದ ಸಕ್ಕರೆ ಮೊದಲೇ ಇರುತ್ತದೆ. ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಅದಕ್ಕಿದೆ. ಒಬ್ಬಟ್ಟು ಮಾರನೆಯ ದಿನವೂ ಮೃದುವಾಗಿರುವುದಕ್ಕೆ, ಕಜ್ಜಾಯ ಹಲವು ದಿನ ಒಣಗದೆ ಉಳಿಯುವುದಕ್ಕೆ ಅದರ ಸಹಾಯ ದೊಡ್ಡದು. ಮೈಸೂರುಪಾಕಿನ ಗುಟ್ಟು ಇನ್ನೊಂದು. ಪಾಕದಲ್ಲಿ ಬೇಯುತ್ತಿರುವ ಕಡಲೆಹಿಟ್ಟಿನ ಮೇಲೆ ಕಾದ ತುಪ್ಪ ಬಿದ್ದಾಗ ಒಳಗಿನ ತೇವವೆಲ್ಲ ಥಟ್ಟನೆ ಆವಿಯಾಗಿ ಹೊರಬೀಳುತ್ತದೆ. ಅದು ಹೋದ ದಾರಿಯೇ ನಾವು ಕಾಣುವ ಗೂಡುಗೂಡಾದ ರಂಧ್ರಗಳು. 1940ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಪಾಕಶಾಲೆಯಲ್ಲಿ ಕಾಕಾಸುರ ಮಾದಪ್ಪ ಎಂಬವರು ಅದನ್ನು ಮೊದಲು ಮಾಡಿದರೆಂದು ಪ್ರತೀತಿ.

ಅಡುಗೆಯನ್ನು ಬರೆದಿಡುವ ಪರಿಪಾಠ ನಮ್ಮಲ್ಲಿ ಹೊಸದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವನ್ನು ವಿಸ್ತರಿಸಿದ. ಮೂರನೆಯ ಮಂಗರಸ ಭಕ್ಷ್ಯಗಳ ವಿಧಾನವನ್ನು ವಾರ್ಧಕ ಷಟ್ಪದಿಯಲ್ಲಿಯೇ ಹಾಡಿದ. ಆದರೂ ಎಷ್ಟು ಬರೆದರೂ ಹದವೆನ್ನುವುದು ಓಲೆಗರಿಯಿಂದ ಜಾರಿ ಕೈಯಲ್ಲಿಯೇ ಉಳಿದುಕೊಳ್ಳುತ್ತದೆ. ಕೈ ಹೋದಾಗ ಅದೂ ಹೋಗುತ್ತದೆಯೇ ಎಂಬುದು ನನಗೆ ಒಂದು ಕಾಲಕ್ಕೆ ಬರಿಯ ತತ್ತ್ವಜಿಜ್ಞಾಸೆಯಾಗಿರಲಿಲ್ಲ.

ನನ್ನ ತಾಯಿ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ನಮ್ಮ ಬೀದಿಯಲ್ಲೆಲ್ಲ ಹೆಸರಾಗಿದ್ದವರು. ಅಚ್ಚಿನ ವಿಷಯದಲ್ಲಿ ಸಕ್ಕರೆಯ ಹಠವೇ ನಮಗೆ ಬೇಕಾದದ್ದು. ಅದು ಹರಳಾಗಬೇಕು, ಆದರೆ ಕಣ್ಣಿಗೆ ಕಾಣದಷ್ಟು ನುಣ್ಣಗೆ. ಅದಕ್ಕಾಗಿ ಹದ ಬಂದ ಪಾಕವನ್ನು ಬಿಡದೆ ಕಲಕುತ್ತಾರೆ. ಒಮ್ಮೆಗೇ ಅಸಂಖ್ಯ ಸೂಕ್ಷ್ಮ ಹರಳುಗಳು ಹುಟ್ಟುವುದರಿಂದ ಯಾವುದೂ ದೊಡ್ಡದಾಗುವುದಿಲ್ಲ. ಪಾಕ ಹಾಲಿನಂತೆ ಬೆಳ್ಳಗಾಗುವ ಗಳಿಗೆಯಲ್ಲಿ ನೆನೆಸಿಟ್ಟ ಮರದ ಅಚ್ಚಿಗೆ ಸುರಿಯಬೇಕು. ಒಂದು ಕ್ಷಣ ಮೊದಲಾದರೆ ಒಳಗೆ ಜಿಗುಟು, ಒಂದು ಕ್ಷಣ ತಡವಾದರೆ ಪಾತ್ರೆಯಲ್ಲಿಯೇ ಕಲ್ಲು. ಗಿಳಿ, ನವಿಲು, ಗೋಪುರ, ತೇರು, ಎಲ್ಲವೂ ನನ್ನ ತಾಯಿಯ ಕೈಯಲ್ಲಿ ಮೂಗು ಮುರಿಯದೆ ಏಳುತ್ತಿದ್ದವು. ಅಳತೆ ಹೇಳಿರೆಂದು ನಾನು ಕಾಗದ ಹಿಡಿದು ಕುಳಿತರೆ, 'ಹದ ಬಂದಾಗ ಇಳಿಸಪ್ಪ, ಅದರಲ್ಲಿ ಬರೆದುಕೊಳ್ಳುವುದೇನಿದೆ' ಎನ್ನುತ್ತಿದ್ದರು.

ಪಕ್ಕದ ಮನೆಯಲ್ಲಿ ಮಂಗಳೂರು ಕಡೆಯ ಕ್ರೈಸ್ತ ಕುಟುಂಬವೊಂದಿತ್ತು. ಮನೆಯಾಕೆ ಶಾಲೆಯ ಉಪಾಧ್ಯಾಯಿನಿ. ನಾವೆಲ್ಲ ಟೀಚರಮ್ಮ ಎನ್ನುತ್ತಿದ್ದೆವು. ಡಿಸೆಂಬರಿನಲ್ಲಿ ಅವರ ಮನೆಯಿಂದ ಕುಸ್ವಾರಿನ ತಟ್ಟೆ ಬರುತ್ತಿತ್ತು: ಕುಲ್‌ಕುಲ್, ನೆವ್ರಿ, ಒಂದು ತುಂಡು ಕೇಕು. ಮನೆಯಲ್ಲಿ ಓವನ್ ಇಲ್ಲದ ಕಾಲ. ದಪ್ಪ ಪಾತ್ರೆಯಲ್ಲಿ ಮರಳು ಹರಡಿ, ಅದರ ಮೇಲೆ ಕೇಕಿನ ಡಬ್ಬಿ ಇಟ್ಟು, ಕೆಳಗೆ ಇದ್ದಿಲು, ಮುಚ್ಚಳದ ಮೇಲೂ ಕೆಂಡ. ಮರಳು ಬಿಸಿಯನ್ನು ಎಲ್ಲೆಡೆ ಸಮನಾಗಿ ಹಂಚಿ ತಳ ಸೀಯದಂತೆ ಕಾಯುತ್ತದೆ. ಮೇಲಿನ ಕೆಂಡ ನೆತ್ತಿಗೆ ಬಣ್ಣ ಕೊಡುತ್ತದೆ. ಆ ಕೇಕಿನ ಕಪ್ಪು ಬಣ್ಣಕ್ಕೆ ಕಾರಣವೂ ಪಾಕವೇ. ನೀರೆಲ್ಲ ಹೋಗಿ ಬಿಸಿ 160 ಡಿಗ್ರಿ ದಾಟಿದಾಗ ಸಕ್ಕರೆ ತನ್ನ ಸಕ್ಕರೆತನವನ್ನೇ ಕಳೆದುಕೊಂಡು ಕೆಂಪಾಗಿ, ಕಂದಾಗಿ, ತುಸು ಕಹಿಯಾಗುತ್ತದೆ. ಆಗ ಎಚ್ಚರದಿಂದ ಬಿಸಿನೀರು ಸೇರಿಸಿ ಆ ಕರಿಯ ಪಾಕವನ್ನು ಹಿಟ್ಟಿಗೆ ಬೆರೆಸುತ್ತಾರೆ. ನಮ್ಮ ಮನೆಯಲ್ಲಿ ಕೆಟ್ಟಿತೆಂದು ಚೆಲ್ಲುವ ಪಾಕ ಅವರ ಮನೆಯಲ್ಲಿ ಕೇಕಿನ ಜೀವಾಳ.

ಆ ಕೇಕಿನಲ್ಲಿ ಮೊಟ್ಟೆಯಿರುತ್ತಿದ್ದುದರಿಂದ ನನ್ನ ತಾಯಿ ತಿನ್ನುತ್ತಿರಲಿಲ್ಲ. ತಟ್ಟೆಯನ್ನು ಎರಡು ಕೈಯಿಂದ ತೆಗೆದುಕೊಂಡು ಮಕ್ಕಳಿಗೆ ಹಂಚುತ್ತಿದ್ದರು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮಲ್ಲಿಯ ರೂಢಿಯಷ್ಟೆ. ಸಂಕ್ರಾಂತಿಯ ದಿನ ಅದೇ ತಟ್ಟೆ ಎಳ್ಳು ಬೆಲ್ಲ, ಕಬ್ಬಿನ ತುಂಡು, ಸಕ್ಕರೆಯ ಗಿಳಿಗಳನ್ನು ಹೊತ್ತು ಗೋಡೆಯಾಚೆಗೆ ಹೋಗುತ್ತಿತ್ತು. ಹೀಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

1981ರ ಶ್ರಾವಣದಲ್ಲಿ ತಾಯಿ ತೀರಿಕೊಂಡರು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ, ಎಣ್ಣೆಯ ಬಾಂಡಲಿ ಒಲೆಯೇರುವುದಿಲ್ಲ. ಡಿಸೆಂಬರಿನಲ್ಲಿ ಟೀಚರಮ್ಮ ತಟ್ಟೆ ಹಿಡಿದು ಬಂದರು. 'ಈ ಸಲ ಮೊಟ್ಟೆ ಹಾಕಿಲ್ಲ, ಮೊಸರು ಸೋಡದಲ್ಲಿ ಮಾಡಿದ್ದೇನೆ. ಅವರು ಇದ್ದಾಗಲೇ ಮಾಡಬೇಕಿತ್ತು, ನನಗೆ ಹೊಳೆಯಲಿಲ್ಲ' ಎಂದು ಹೇಳಿ ಸುಮ್ಮನಾದರು. ಮೊಸರಿನ ಹುಳಿ ಸೋಡದೊಡನೆ ಕೂಡಿದಾಗ ಇಂಗಾಲದ ಡೈ ಆಕ್ಸೈಡ್ ಹುಟ್ಟಿ ಹಿಟ್ಟನ್ನು ಉಬ್ಬಿಸುತ್ತದೆ. ತರಗತಿಯಲ್ಲಿ ನಾನು ನೂರು ಸಲ ಹೇಳಿದ ಪಾಠ ಅದು. ಅಂದು ನನಗೆ ಮಾತು ಹೊರಡಲಿಲ್ಲ.

1983ರ ಸಂಕ್ರಾಂತಿಗೆ ತಟ್ಟೆ ಹಿಂದಿರುಗಬೇಕಾಗಿತ್ತು. ನನ್ನ ಹೆಂಡತಿಗೆ ಅಚ್ಚಿನ ಅಭ್ಯಾಸವಿರಲಿಲ್ಲ. ನಾನೇ ಮುಂದಾದೆ, ಪುಸ್ತಕ ನೋಡಿ, ಪ್ರಯೋಗಶಾಲೆಯದರಂಥ ಒಂದು ತಾಪಮಾಪಕವನ್ನು ಕೊಂಡುತಂದು, ಪಾದರಸ 112ಕ್ಕೆ ಮುಟ್ಟುವವರೆಗೆ ಕಾದೆ. ಇಳಿಸಿ ಎರಡು ಸುತ್ತು ಕಲಕುವಷ್ಟರಲ್ಲಿ ಪಾಕ ಪಾತ್ರೆಯಲ್ಲಿಯೇ ಬಂಡೆಯಾಯಿತು. ನೀರು ಹಾಕಿ ಕರಗಿಸಿ ಮತ್ತೆ ಕಾಯಿಸಿದೆ, ಮತ್ತೆ ಬಂಡೆ. ಮೂರನೆಯ ಸಲ ಸೌಟೇ ಅದರಲ್ಲಿ ನೆಟ್ಟುಕೊಂಡಿತು.

ಸದ್ದು ಕೇಳಿ ಟೀಚರಮ್ಮ ಒಳಗೆ ಬಂದರು. ಗಾಜಿನ ಕಡ್ಡಿಯನ್ನು ನೋಡಿ ನಕ್ಕು, 'ನಿಮ್ಮ ತಾಯಿ ಇದನ್ನು ಕಿವಿಯಿಂದ ಮಾಡುತ್ತಿದ್ದರು' ಎಂದರು. ಮೊದಲು ಗುಳ್ಳೆಗಳು ಚಿಕ್ಕವು, ಸದ್ದು ಸರಸರ. ನೀರು ಕಡಿಮೆಯಾದಂತೆ ಗುಳ್ಳೆ ದೊಡ್ಡದಾಗಿ, ನಿಧಾನವಾಗಿ, ಕೊತಕೊತ ಎನ್ನುತ್ತದೆ. ಆ ಸದ್ದು ತಿರುಗಿದಾಗ ಬೆರಳಲ್ಲಿ ಎಳೆ ನೋಡಬೇಕು, ಪಾತ್ರೆಯ ಅಂಚಿನಲ್ಲಿ ಬಿಳಿಯ ಗೆರೆ ಕಾಣುವವರೆಗೆ ಕಲಕಬೇಕು, ಆಮೇಲೆ ತಡಮಾಡಬಾರದು. ನನ್ನ ತಾಯಿ ಅವರಿಗೆ ಇದನ್ನು ಗೋಡೆಯ ಬಳಿ ನಿಂತು ಹೇಳಿಕೊಟ್ಟಿದ್ದರಂತೆ. ಅವರು ಪ್ರತಿಯಾಗಿ ಕರಿಯ ಪಾಕದ ಹದ ಹೇಳಿಕೊಟ್ಟಿದ್ದರಂತೆ. ಮನೆಯಲ್ಲಿ ಉಳಿಯದೆ ಹೋದದ್ದು ಪಕ್ಕದ ಮನೆಯಲ್ಲಿ ಉಳಿದಿತ್ತು. ನಾಲ್ಕನೆಯ ಸಲ ಅಚ್ಚು ಬಿಚ್ಚಿದಾಗ ಗಿಳಿ ಎದ್ದಿತು. ಕೊಕ್ಕು ಸ್ವಲ್ಪ ಮುರಿದಿತ್ತು.

ನನ್ನ ತಪ್ಪು ಎಲ್ಲಿತ್ತೆಂದು ರಾತ್ರಿ ಮಲಗಿದಾಗ ಹೊಳೆಯಿತು. ಪುಸ್ತಕದ ಲೆಕ್ಕ ಸಮುದ್ರಮಟ್ಟದ್ದು. ಮೈಸೂರು ಅದಕ್ಕಿಂತ ಸುಮಾರು 760 ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಕುದಿಯುವುದು ಸುಮಾರು 97.5 ಡಿಗ್ರಿಯಲ್ಲಿ. ಪಾಕದ ಹದಗಳೆಲ್ಲ ಅಷ್ಟೇ ಕೆಳಗಿಳಿಯುತ್ತವೆ. 112ಕ್ಕೆಂದು ನಾನು ಕಾದಾಗ ಹದ ಎರಡೂವರೆ ಡಿಗ್ರಿ ಹಿಂದೆಯೇ ಬಂದು ಹೋಗಿತ್ತು. ತಾಪಮಾಪಕ ಸುಳ್ಳು ಹೇಳಿರಲಿಲ್ಲ. ನಾನು ಯಾವ ಊರಿನಲ್ಲಿ ನಿಂತಿದ್ದೇನೆಂಬುದನ್ನು ಮರೆತಿದ್ದೆ. ಬೆರಳು ಮತ್ತು ಕಿವಿಗಳಿಗೆ ಆ ಮರೆವು ಇರುವುದಿಲ್ಲ, ಏಕೆಂದರೆ ಅವು ಇದೇ ಊರಿನಲ್ಲಿ ಕಲಿತವು. ತಾಪಮಾಪಕವನ್ನೇ ನಂಬುವವರು ಮೊದಲು ಅದನ್ನು ಬರಿಯ ಕುದಿನೀರಿನಲ್ಲಿ ಅದ್ದಿ ನೋಡಿ, ನೂರಕ್ಕೆ ಎಷ್ಟು ಕಡಿಮೆ ತೋರಿಸುವುದೋ ಅಷ್ಟನ್ನು ಪುಸ್ತಕದ ಅಂಕಿಯಿಂದ ಕಳೆದುಕೊಂಡರೆ ನನ್ನ ಗತಿ ಅವರಿಗೆ ಬಾರದು.

ಟೀಚರಮ್ಮನೂ ಈಗಿಲ್ಲ. ಅವರ ಮಗಳು ಬೇರೆ ಊರಿನಲ್ಲಿದ್ದಾಳೆ; ಕ್ರಿಸ್‌ಮಸ್ ಹತ್ತಿರವಾದಾಗ ಕರಿಯ ಪಾಕವನ್ನು ಯಾವಾಗ ಇಳಿಸಬೇಕೆಂದು ನಮ್ಮ ಮನೆಗೆ ಫೋನು ಮಾಡಿ ಕೇಳುತ್ತಾಳೆ. ಹೊಗೆ ತೆಳ್ಳಗೆ ಎದ್ದು ಬಣ್ಣ ಹಳೆಯ ಜೇನಿನದಾದಾಗ ಇಳಿಸು, ಆಮೇಲೆ ಅದು ತಾನಾಗಿಯೇ ಕಪ್ಪಾಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆ ಮಾತನ್ನು ಅವಳು ಕಲಿತದ್ದು ಅವಳ ಅತ್ತೆಯಿಂದ. ಅತ್ತೆ ಕಲಿತದ್ದು ಕೇಳುವವಳ ತಾಯಿಯಿಂದ.

ನಾಳಿದ್ದು ಸಂಕ್ರಾಂತಿ. ಮರದ ಅಚ್ಚುಗಳು ಒಣಗಿದ್ದರೆ ಪಾಕವನ್ನು ಹೀರಿಕೊಂಡು ಗೊಂಬೆಯನ್ನು ಬಿಡುವುದಿಲ್ಲ. ಆದ್ದರಿಂದ ಅವನ್ನು ಇಂದು ರಾತ್ರಿಯೇ ನೀರಿನಲ್ಲಿ ನೆನೆಹಾಕಿರಿ. ನಾಳೆ ಒಲೆಯ ಮುಂದೆ ಕುಳಿತಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಆ ಸದ್ದನ್ನು ಕೇಳಿಸಿರಿ. ಪಕ್ಕದ ಮನೆಯವರು ಬಂದು ಕೇಳಿದರೆ ಅವರಿಗೂ ಹೇಳಿಕೊಡಿರಿ.