ನುಡಿಸುತ್ತ ನಡೆಯುವ ವಿದ್ಯೆ

ಕುರ್ಚಿಯಲ್ಲಿ ಕುಳಿತು, ಎದುರಿಗೆ ಸ್ವರಲಿಪಿಯನ್ನಿರಿಸಿಕೊಂಡು ತುತ್ತೂರಿ ಊದುವುದು ಒಂದು ವಿದ್ಯೆ. ಅದೇ ಗೀತವನ್ನು ಕಂಠಪಾಠ ಮಾಡಿ, ನೂರಾರು ಮಂದಿಯ ನಡುವೆ ಹಿಂದಕ್ಕೂ ಅಡ್ಡಕ್ಕೂ ಹೆಜ್ಜೆಯಿಡುತ್ತ ನುಡಿಸುವುದು ಬೇರೆಯೇ ವಿದ್ಯೆ. ಈ ಎರಡನೆಯದಕ್ಕಾಗಿ ಅಮೆರಿಕದ ಶಾಲೆ ಕಾಲೇಜುಗಳ ತರುಣ ವಾದಕರು ಬೇಸಗೆ ರಜೆಯ ಕೊನೆಯ ದಿನಗಳನ್ನು ಬಿಸಿಲಿನ ಮೈದಾನದಲ್ಲಿ ಬೆವರು ಸುರಿಸಿ ಕಳೆಯುತ್ತಾರೆ.

ಲೆಕ್ಕವೇನೋ ಸರಳ. ಅವರ ಫುಟ್‌ಬಾಲ್ ಮೈದಾನದಲ್ಲಿ 5 ಗಜಕ್ಕೊಂದು ಗೆರೆ. ಆ 5 ಗಜಕ್ಕೆ ಸಾಮಾನ್ಯವಾಗಿ 8 ಹೆಜ್ಜೆ. ಅಂದರೆ ಹೆಜ್ಜೆಗೆ 22½ ಅಂಗುಲ. ಎತ್ತರದವನ ಕಾಲೂ ಗಿಡ್ಡನ ಕಾಲೂ ಅಷ್ಟನ್ನೇ ಅಳೆಯಬೇಕು. ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಪಾದವನ್ನು ಉರುಳಿಸಿದಂತೆ ಇಡದಿದ್ದರೆ ಮೈ ಕುಲುಕುತ್ತದೆ. ತುಟಿಗೊತ್ತಿದ ವಾದ್ಯ ಅಲುಗಿ ಸ್ವರ ನಡುಗುತ್ತದೆ.

ಇದಕ್ಕಿಂತ ಸೋಜಿಗದ ಪಾಠ ಇನ್ನೊಂದಿದೆ. ಸಂಗೀತಗಾರನಿಗೆ ಕಿವಿಯೇ ಗುರುವೆನ್ನುವುದುಂಟು. ಇಲ್ಲಿ ಕಿವಿಯೊಂದನ್ನೇ ನಂಬಿದವನು ಕೆಟ್ಟ! ಶಬ್ದವು ಸೆಕೆಂಡಿಗೆ ಸುಮಾರು 1,100 ಅಡಿ ಸಾಗುತ್ತದೆ. ಮೈದಾನದ ಉದ್ದ 300 ಅಡಿ. ಆ ತುದಿಯ ಸ್ವರ ಈ ತುದಿಗೆ ಬರುವಷ್ಟರಲ್ಲಿ ಕಾಲು ಸೆಕೆಂಡು ಮೀರಿರುತ್ತದೆ. ನಿಮಿಷಕ್ಕೆ 120 ಹೆಜ್ಜೆಯ ನಡೆಯಲ್ಲಿ ಅದು ಅರ್ಧ ಪೆಟ್ಟಿಗೂ ಹೆಚ್ಚು. ಆದ್ದರಿಂದ ದೂರದ ಗೆಳೆಯನ ವಾದನಕ್ಕೆ ಮನಸೋಲದೆ, ಮುಂದೆ ನಿಂತ ನಾಯಕನ ಕೈಯನ್ನು ಕಣ್ಣಿಂದಲೇ ಅನುಸರಿಸಬೇಕು. ಮನೆಯಲ್ಲಿ ಒಬ್ಬನೇ ಕುಳಿತು ಸಾಧನೆ ಮಾಡುವವನಿಗೆ ಈ ಸಂಯಮ ಎಲ್ಲಿಂದ ದೊರೆತೀತು?

1907ರಲ್ಲಿ ಮೈದಾನದ ಮೇಲೆ ಅಕ್ಷರವಾಗಿ ನಿಂತು ಹೆಸರಾದ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡಿನಲ್ಲಿ ಮುಂದೆ ಬ್ಯಾರಿಟೋನ್ ವಾದ್ಯ ನುಡಿಸಿದ ವಿದ್ಯಾರ್ಥಿಗಳಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಒಬ್ಬರು. ಚಂದ್ರನ ಮೇಲೆ ಹೆಜ್ಜೆಯಿಟ್ಟವರು ಹೆಜ್ಜೆಯ ಅಳತೆಯನ್ನು ಅಲ್ಲಿ ಕಲಿತರೆಂದರೆ ಅತಿಯಾದೀತು. ಕಲಿತಿರಲಿಲ್ಲವೆನ್ನಲೂ ಮನಸ್ಸು ಬಾರದು.

ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕ್ರಮ ಇನ್ನೂ ಬಿಗಿ. 1936ರಿಂದ ಆ ಬ್ಯಾಂಡು ನಡೆಯುತ್ತಲೇ ‘ಒಹಾಯೋ’ ಎಂದು ಕೂಡಕ್ಷರದಲ್ಲಿ ಬರೆಯುತ್ತದೆ. ಕೊನೆಗೆ ಭಾರವಾದ ಸೂಸಫೋನನ್ನು ಹೊತ್ತ ವಾದಕನೊಬ್ಬ ಠೀವಿಯಿಂದ ಬಂದು ಇಂಗ್ಲಿಷಿನ ‘ಐ’ ಅಕ್ಷರದ ಚುಕ್ಕೆಯಾಗಿ ನಿಲ್ಲುತ್ತಾನೆ. ಅಲ್ಲಿ ಮೀಸಲು ವಾದಕನು ಸಾಲಿನಲ್ಲಿರುವವನಿಗೆ ಸವಾಲು ಹಾಕಿ ಅವನ ಸ್ಥಾನವನ್ನು ಗೆದ್ದುಕೊಳ್ಳಬಹುದು. ಸೋತವನೂ ಗೆದ್ದವನೂ ಮತ್ತೆ ಒಂದೇ ಬಳಗದಲ್ಲಿ ನುಡಿಸಬೇಕು! ಆದರೆ ಹೆಣ್ಣುಮಕ್ಕಳಿಗೆ ಸವಾಲು ಹಾಕುವ ಹಕ್ಕೂ ಇರಲಿಲ್ಲ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಕಾನೂನಿನ ತರುವಾಯ, 1973ರಲ್ಲಿ, ಅವರಿಗೆ ಬಾಗಿಲು ತೆರೆಯಿತು.

ಈ ಬಿಗಿ ಎಲ್ಲೆ ಮೀರಿದ್ದೂ ಉಂಟು. 2011ರಲ್ಲಿ ಫ್ಲಾರಿಡಾದ ವಿಶ್ವವಿದ್ಯಾಲಯವೊಂದರ ಪ್ರಸಿದ್ಧ ಬ್ಯಾಂಡಿನ ತರುಣ ನಾಯಕನೊಬ್ಬ, ಜತೆಗಾರರೇ ‘ಸಂಪ್ರದಾಯ’ವೆಂದು ನಡೆಸಿದ ಹೊಡೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ. ಕೆಲವರು ಶಿಕ್ಷೆಗೊಳಗಾದರು. ಆ ಬ್ಯಾಂಡು ಮತ್ತೆ ಮೈದಾನಕ್ಕಿಳಿದದ್ದು 2013ರಲ್ಲಿ.