ಪತ್ರಿಕಾಧಿಪತಿಯೂ ಲೋಕಾಭಿಪ್ರಾಯವೂ

ವೃತ್ತಪತ್ರಿಕೆಗಳ ಒಡೆಯನೊಬ್ಬನು ರಾಷ್ಟ್ರವೊಂದರ ರಾಜಕಾರಣವನ್ನು ತನ್ನ ಇಚ್ಛೆಯಂತೆ ನಡೆಸಬಲ್ಲನೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಪತ್ರಿಕೆ ಹೇಳಿದಂತೆ ಜನರು ಮತ ನೀಡುವರೆಂಬುದು ಒಂದು. ಜನರ ಒಲವನ್ನು ಮುಂಚಿತವಾಗಿ ಅರಿತು ಪತ್ರಿಕೆಯೇ ಅದನ್ನು ಹಿಂಬಾಲಿಸುವುದೆಂಬುದು ಮತ್ತೊಂದು. ರೂಪರ್ಟ್ ಮರ್ಡಾಕ್ ಅವರ ವೃತ್ತಾಂತವನ್ನು ಪರಿಶೀಲಿಸಿದರೆ ಇವೆರಡೂ ಅಪೂರ್ಣವೆಂಬುದು ವಿದಿತವಾಗುತ್ತದೆ.

ಆಸ್ಟ್ರೇಲಿಯದಲ್ಲಿ 1931ರಲ್ಲಿ ಜನಿಸಿದ ಮರ್ಡಾಕ್ ಅವರಿಗೆ 1952ರಲ್ಲಿ ತಂದೆಯ ನಿಧನಾನಂತರ ಅಡಿಲೇಡಿನ ‘ದಿ ನ್ಯೂಸ್’ ಪತ್ರಿಕೆ ಪಿತ್ರಾರ್ಜಿತವಾಗಿ ಬಂದಿತು. 1969ರಲ್ಲಿ ಬ್ರಿಟನ್ನಿನ ‘ನ್ಯೂಸ್ ಆಫ್ ದಿ ವರ್ಲ್ಡ್’ ಮತ್ತು ‘ದಿ ಸನ್’ ಪತ್ರಿಕೆಗಳು ಅವರ ಕೈಸೇರಿದವು. 1993ರಲ್ಲಿ ಸ್ಟಾರ್ ದೂರದರ್ಶನದ ಮೂಲಕ ಅವರ ಪ್ರಭಾವಲಯ ಭಾರತದವರೆಗೂ ಹಬ್ಬಿತು. 1996ರಲ್ಲಿ ಅಮೆರಿಕದಲ್ಲಿ ಫಾಕ್ಸ್ ನ್ಯೂಸ್ ಆರಂಭವಾಯಿತು.

1981ರಲ್ಲಿ ‘ದಿ ಟೈಮ್ಸ್’ ಮತ್ತು ‘ದಿ ಸಂಡೇ ಟೈಮ್ಸ್’ ಪತ್ರಿಕೆಗಳನ್ನು ಅವರು ಕೊಂಡಾಗ, ಆ ವ್ಯವಹಾರವನ್ನು ಸರ್ಕಾರವು ಏಕಸ್ವಾಮ್ಯ ವಿಚಾರಣಾ ಆಯೋಗಕ್ಕೆ ಒಪ್ಪಿಸಲಿಲ್ಲ. ಆ ವರ್ಷದ ಜನವರಿಯಲ್ಲಿ ಅವರು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರೊಡನೆ ಭೋಜನಕೂಟದಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದ್ದರೆಂಬ ಸಂಗತಿಯು 2012ರಲ್ಲಿ, ಥ್ಯಾಚರ್ ಅವರ ಕಾಗದಪತ್ರಗಳು ಪ್ರಕಟವಾದಾಗ ಮಾತ್ರ ಲೋಕಕ್ಕೆ ತಿಳಿಯಿತು. ಸಂಪಾದಕರ ಸ್ವಾತಂತ್ರ್ಯವನ್ನು ಕಾಪಾಡುವುದಾಗಿ ಲಿಖಿತ ವಾಗ್ದಾನಗಳಿದ್ದವು. ಆದರೂ ‘ದಿ ಟೈಮ್ಸ್’ನ ಸಂಪಾದಕ ಹೆರಾಲ್ಡ್ ಇವಾನ್ಸ್ ಅವರು ಒಡೆಯರೊಡನೆ ಭಿನ್ನಾಭಿಪ್ರಾಯವುಂಟಾಗಿ 1982ರ ಮಾರ್ಚಿನಲ್ಲಿ ರಾಜೀನಾಮೆ ನೀಡಬೇಕಾಯಿತು.

ಇನ್ನು ಮತದಾರರ ವಿಷಯ. 1992ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷವು ಗೆದ್ದಾಗ, ಆ ಗೆಲುವು ತನ್ನದೇ ಎಂದು ‘ದಿ ಸನ್’ ಘೋಷಿಸಿಕೊಂಡಿತು. 1997ರ ಮಾರ್ಚಿನಲ್ಲಿ ಅದೇ ಪತ್ರಿಕೆ ಲೇಬರ್ ಪಕ್ಷದ ಕಡೆಗೆ ತಿರುಗಿತು. ಹೀಗೆ ಪಕ್ಷ ಬದಲಿಸಿದ ಪತ್ರಿಕೆಗಳ ಓದುಗರಲ್ಲಿ ಶೇಕಡ 10ರಿಂದ 25ರಷ್ಟು ಮಂದಿಯ ಮತವು ಅದರಿಂದ ಬದಲಾಗಿರಬಹುದೆಂದು ಜೊನಾಥನ್ ಲ್ಯಾಡ್ ಮತ್ತು ಗೇಬ್ರಿಯಲ್ ಲೆನ್ಜ್ ಎಂಬ ವಿದ್ವಾಂಸರು 2009ರಲ್ಲಿ ಅಂದಾಜು ಮಾಡಿದರು. ಪ್ರಭಾವವು ಅಲ್ಪವಲ್ಲ. ಆದರೆ ಪತ್ರಿಕೆ ತಿರುಗುವುದಕ್ಕೆ ಬಹು ಮೊದಲೇ ಲೇಬರ್ ಪಕ್ಷವು ಜನಮತ ಗಣನೆಗಳಲ್ಲಿ ಮುಂದಿತ್ತು. ಅದು ಗಳಿಸಿದ ಬಹುಮತವೂ 179 ಸ್ಥಾನಗಳದು. ಆದುದರಿಂದ ಗೆಲುವಿನ ಕರ್ತೃತ್ವವನ್ನು ಪತ್ರಿಕೆಗೆ ಸಲ್ಲಿಸುವುದು ಉಚಿತವಾಗದು.

ಹಾಗಾದರೆ ಒಡೆಯನ ನಿಜವಾದ ಶಕ್ತಿ ಎಲ್ಲಿದೆ? ಮತಪೆಟ್ಟಿಗೆಯಲ್ಲಿರುವುದಕ್ಕಿಂತ ಹೆಚ್ಚಾಗಿ ರಾಜಕಾರಣಿಯ ಮನಸ್ಸಿನಲ್ಲಿದೆ. ವಿರೋಧಪಕ್ಷದ ನಾಯಕರಾಗಿದ್ದ ಟೋನಿ ಬ್ಲೇರ್ ಅವರು 1995ರಲ್ಲಿ ಮರ್ಡಾಕ್ ಸಂಸ್ಥೆಯ ಸಮ್ಮೇಳನದಲ್ಲಿ ಭಾಷಣ ಮಾಡಲು ಆಸ್ಟ್ರೇಲಿಯದವರೆಗೆ ಪ್ರಯಾಣ ಮಾಡಿದರು. ತಾವು ಯಾವ ಪ್ರಧಾನಿಯನ್ನೂ ಏನನ್ನೂ ಬೇಡಿಲ್ಲವೆಂದು ಮರ್ಡಾಕ್ ಅವರು 2012ರಲ್ಲಿ ಲೆವೆಸನ್ ವಿಚಾರಣೆಯ ಮುಂದೆ ಹೇಳಿದರು. ಆ ಮಾತು ಅಕ್ಷರಶಃ ಸತ್ಯವೆಂದೇ ಇಟ್ಟುಕೊಳ್ಳೋಣ. ಬೇಡುವ ಮೊದಲೇ ಮನವರಿತು ನಡೆಯುವವರಿರುವಾಗ ಬೇಡಬೇಕಾದ ಪ್ರಸಂಗವೇ ಒದಗದು.

ಈ ಶಕ್ತಿಯು ಭಯದ ಮೇಲೆ ನಿಂತುದಾದುದರಿಂದ ಭಯವಳಿದಾಗ ಕುಸಿಯುತ್ತದೆ. ಅನ್ಯರ ದೂರವಾಣಿ ಸಂದೇಶಗಳನ್ನು ಕದ್ದಾಲಿಸಿದ ಅಪರಾಧವು ಬಯಲಾಗಿ, 168 ವರ್ಷಗಳ ‘ನ್ಯೂಸ್ ಆಫ್ ದಿ ವರ್ಲ್ಡ್’ 2011ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಸಂಸತ್ತಿನ ಪ್ರಮುಖ ಪಕ್ಷಗಳೆಲ್ಲ ಒಂದಾದುವು. ಬಿಸ್ಕೈಬಿ ದೂರದರ್ಶನ ಸಂಸ್ಥೆಯನ್ನು ಪೂರ್ಣವಾಗಿ ಕೊಳ್ಳುವ ಯತ್ನವನ್ನು ಮರ್ಡಾಕ್ ಸಂಸ್ಥೆ ಕೈಬಿಟ್ಟಿತು.

ಮತ್ತೊಂದು ಬಂಧನವೂ ಉಂಟು: ಒಡೆಯನೂ ತನ್ನ ಪ್ರೇಕ್ಷಕರಿಗೆ ಅಧೀನನು. 2020ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಮೋಸ ನಡೆಯಿತೆಂಬ ಸುಳ್ಳನ್ನು ಫಾಕ್ಸ್ ನ್ಯೂಸಿನ ಕೆಲವು ನಿರೂಪಕರು ಅನುಮೋದಿಸಿದರೆಂದು ಮರ್ಡಾಕ್ ಅವರೇ ಪ್ರಮಾಣಪೂರ್ವಕವಾಗಿ ಒಪ್ಪಿದರು. ಸತ್ಯ ನುಡಿದರೆ ಪ್ರೇಕ್ಷಕರು ಬೇರೆ ವಾಹಿನಿಗಳಿಗೆ ಹೋಗುವರೆಂಬ ಆತಂಕವು ಸಂಸ್ಥೆಯೊಳಗಿನ ಪತ್ರಗಳಲ್ಲಿ ಸ್ಪಷ್ಟವಾಗಿತ್ತು. ಮತಯಂತ್ರ ತಯಾರಕರಾದ ಡೊಮಿನಿಯನ್ ಸಂಸ್ಥೆಗೆ 2023ರ ಏಪ್ರಿಲಿನಲ್ಲಿ 78.75 ಕೋಟಿ ಡಾಲರುಗಳನ್ನು ತೆರಬೇಕಾಯಿತು.

ಆದುದರಿಂದ ಪತ್ರಿಕಾಧಿಪತ್ಯದ ವಿಮರ್ಶೆಯು ಒಡೆಯನೊಬ್ಬನ ಗುಣದೋಷಗಳಲ್ಲಿ ಮುಗಿಯತಕ್ಕದ್ದಲ್ಲ. ಅವನಿಗೆ ಅಂಜುವ ಅಧಿಕಾರಸ್ಥರು, ಒಪ್ಪಂದಗಳನ್ನು ಗುಟ್ಟಾಗಿಡುವ ಆಡಳಿತ, ಹಿತವಾದ ಸುಳ್ಳನ್ನು ಬಯಸುವ ಓದುಗರು, ಈ ಮೂವರೂ ಅದರ ಪಾಲುದಾರರು. ಒಡೆತನ ಯಾರದೆಂಬುದನ್ನೂ, ಆಳುವವರನ್ನು ಒಡೆಯರು ಯಾವಾಗ ಕಂಡರೆಂಬುದನ್ನೂ ಮೂವತ್ತೊಂದು ವರ್ಷ ಕಾಯದೆ ಆಗಲೇ ತಿಳಿಯುವ ಹಕ್ಕು ಪ್ರಜೆಗಳಿಗೆ ದೊರೆತರೆ, ಈ ಭಯಕ್ಕೆ ನೆಲೆಯು ಬಹುಮಟ್ಟಿಗೆ ತಪ್ಪುವುದು.